ಓಡುವ ಗಾಡಿ, ಎರಡನೇ ಕೈ

ಕಬ್ಬಿನ ಬಿಲ್ಲು ಕೈಗೆ ಬಂದ ವಾರ ಮದ್ದೂರು ಸೀಮೆಯ ಮನೆಗಳಲ್ಲಿ ಹಳೆಯ ಮಾತುಗಳೆಲ್ಲ ಮತ್ತೆ ಎದ್ದು ಕೂರುತ್ತವೆ. ಸೊಸೈಟಿ ಸಾಲ, ಸುಟ್ಟುಹೋದ ಪಂಪಿನ ಮೋಟರು, ಮಗಳ ಓಲೆ, ಅದರ ಜೊತೆಗೆ ಕಾಲೇಜಿಗೆ ಹೋಗುವ ಮಗನ ಬೈಕು. ಶಿವಪುರದಲ್ಲಿ ಅಂಥ ಒಂದು ಮನೆ ಇದೆ ಎಂದುಕೊಳ್ಳಿ. ಮಗನಿಗೆ ಮಂಡ್ಯದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಹೋಗಿ ಬರಲು ದಿನಕ್ಕೆ ಹತ್ತಿರ ಹತ್ತಿರ 40 ಕಿಲೋಮೀಟರು. ಹೊಸ ಗಾಡಿಗೆ ದುಡ್ಡು ಸಾಲದು. 60 ಸಾವಿರ ಹೇಗೋ ಹೊಂದಿಸಬಹುದು. ಅಷ್ಟಕ್ಕೆ ಹಳೆಯದು ಸಿಗುತ್ತದೆ. ಪ್ರಶ್ನೆ ಇಷ್ಟೇ: ಯಾವುದು?

"ಬೆಂಗ್ಳೂರಲ್ಲಿ ಡ್ಯೂಕ್ ಒಂದು ಐತೆ ಅಪ್ಪ. ಒಂದೇ ಕೈ ಓಡ್ಸಿರೋದಂತೆ."

"ಮಂಡ್ಯಕ್ಕೆ ಬಸ್ಸಿಲ್ವೇನ್ಲಾ?"

"ಬಸ್ಸು ಬಾಗ್ಲುಗಂಟ ತುಂಬ್ಕಂಡು ಬತ್ತದೆ. ಮೊದಲ್ನೇ ಪಿರೀಡು ಸಿಕ್ಕಾಕಿಲ್ಲ."

"ಡ್ಯೂಕು ಗೀಕು ನಂಗೆ ಗೊತ್ತಿಲ್ಲ ಕಣ್ಲಾ. ನಿಮ್ಮ ತಾತನ ಕಾಲದಾಗೆ ಯೆಜ್ಡಿ ಇತ್ತು, ಅದಕ್ಕೆ ಗಾಡಿ ಅನ್ನಬೇಕು."

ಅಷ್ಟರಲ್ಲಿ ಹಬ್ಬಕ್ಕೆ ಬಂದಿದ್ದ ಹುಡುಗನ ಸೋದರಮಾವ ಬಾಯಿ ಹಾಕುತ್ತಾನೆ. "ಭಾವ, ಯೆಜ್ಡಿನೂ ಬ್ಯಾಡ, ಡ್ಯೂಕೂ ಬ್ಯಾಡ. ಒಂದು ಆರೆಕ್ಸ್ ನೋಡಿ. ಅದ್ರ ಮುಂದೆ ಇವೆಲ್ಲ ಯಾವ ಲೆಕ್ಕ?"

ಮೂವರು, ಮೂರು ಕಂಪನಿ. ಒಬ್ಬೊಬ್ಬರೂ ತಮ್ಮ ಹದಿನೆಂಟನೇ ವಯಸ್ಸಿನಲ್ಲಿ ಕಂಡ ಗಾಡಿಯ ಹೆಸರನ್ನೇ ಹೇಳುತ್ತಿದ್ದಾರೆ. ಬೈಕಿನ ವಿಷಯದಲ್ಲಿ ಕಂಪನಿ ಎಂಬುದು ಬಹುಮಟ್ಟಿಗೆ ನೆನಪಿನ ವ್ಯವಹಾರ. ಹಾಗೆಂದು ಕಂಪನಿಗಳ ನಡುವೆ ವ್ಯತ್ಯಾಸವೇ ಇಲ್ಲವೆಂದಲ್ಲ. ವ್ಯತ್ಯಾಸ ಖಂಡಿತ ಉಂಟು. ಆದರೆ ಅದು ಸಾಮಾನ್ಯವಾಗಿ ಹುಡುಕುವ ಜಾಗದಲ್ಲಿ, ಅಂದರೆ ಗಾಡಿ ಎಷ್ಟು ಸ್ಪೀಡು ಹೋಗುತ್ತದೆ ಎಂಬಲ್ಲಿ ಇಲ್ಲ.

ಮೊದಲು ಹಿರಿಯರ ಮಾತಿಗೆ ಬರೋಣ. ಯೆಜ್ಡಿಯ ಬಗ್ಗೆ ಈ ಸೀಮೆಯವರಿಗೆ ಅಭಿಮಾನವಿರುವುದು ಸಹಜ. ಅದು ಪಕ್ಕದ ಮೈಸೂರಿನ ಗಾಡಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಚೆಕೊಸ್ಲೊವಾಕಿಯಾದ ಜಾವಾ ಬೈಕುಗಳು ತಯಾರಾದವು. 70ರ ದಶಕದಲ್ಲಿ ಅದೇ ಗಾಡಿ ಯೆಜ್ಡಿ ಎಂಬ ಹೆಸರು ಪಡೆಯಿತು. 250 ಸಿ.ಸಿ.ಯ ಒಂದೇ ಸಿಲಿಂಡರು, ಅದಕ್ಕೆ ಎರಡು ಸೈಲೆನ್ಸರು. ಕಿಕ್ ಹೊಡೆಯುವ ಸನ್ನೆಯೇ ಮಡಚಿದರೆ ಗಿಯರಿನ ಸನ್ನೆ. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಮತ್ತೆ ಮಾರುಕಟ್ಟೆಗೆ ಬಂದವು. ಆದರೆ ಅವು ಮಧ್ಯಪ್ರದೇಶದ ಪೀತಂಪುರದಲ್ಲಿ ತಯಾರಾಗುವ ಬೇರೆಯೇ ಎಂಜಿನಿನ ಹೊಸ ಗಾಡಿಗಳು. ಹಳೆಯ ಯೆಜ್ಡಿಯ ಸಾಮಾನು ಬೇಕೆಂದು ಹೊಸ ಯೆಜ್ಡಿಯ ಷೋರೂಮಿಗೆ ಹೋದರೆ ಬರಿಗೈಯಲ್ಲಿ ವಾಪಸು ಬರಬೇಕು.

ಸೋದರಮಾವನ ಆರೆಕ್ಸ್ 100 ಬಂದದ್ದು 1985ರಲ್ಲಿ. 98 ಸಿ.ಸಿ., 11 ಅಶ್ವಶಕ್ತಿ, ತೂಕ ನೂರು ಕಿಲೋ ಆಸುಪಾಸು. 1994ರಲ್ಲಿ ಬಂದ ಹೀರೋ ಹೋಂಡಾ ಸ್ಪ್ಲೆಂಡರಿನ ಎಂಜಿನಿನ ಗಾತ್ರವೂ ಹೆಚ್ಚುಕಡಿಮೆ ಅಷ್ಟೇ, ಆದರೆ ಶಕ್ತಿ ಏಳೂ ಚಿಲ್ಲರೆ. ಆರೆಕ್ಸಿನ ರಹಸ್ಯ ಟೂ ಸ್ಟ್ರೋಕ್‌ನಲ್ಲಿದೆ. ಫೋರ್ ಸ್ಟ್ರೋಕ್ ಎಂಜಿನು ಎರಡು ಸುತ್ತಿಗೆ ಒಮ್ಮೆ ಬೆಂಕಿ ಕಂಡರೆ, ಟೂ ಸ್ಟ್ರೋಕು ಪ್ರತಿ ಸುತ್ತಿಗೂ ಕಾಣುತ್ತದೆ. ಹಗುರವಾದ ಮೈಗೆ ಆ ಶಕ್ತಿ ಸೇರಿದಾಗ ಆಕ್ಸಿಲರೇಟರ್ ತಿರುವಿದ ಕೂಡಲೇ ಗಾಡಿ ಜಿಗಿಯುತ್ತದೆ. ಪ್ರತಿಯಾಗಿ ಪೆಟ್ರೋಲಿನ ಒಂದು ಪಾಲು ಸುಡದೇ ಹೊರಹೋಗುತ್ತದೆ, ಬೆರೆತ ಆಯಿಲ್ ಹೊಗೆಯಾಗುತ್ತದೆ. ಹೊಗೆಯ ನಿಯಮಗಳು ಬಿಗಿಯಾದಂತೆ 1996ರಲ್ಲಿ ಆರೆಕ್ಸ್ 100ರ ತಯಾರಿಕೆಯೂ ನಿಂತಿತು. ಅದರ ತಮ್ಮ ಆರೆಕ್ಸ್ 135 ಇನ್ನಷ್ಟು ವರ್ಷ ಬಾಳಿತು.

ಇವೆರಡರ ಜೊತೆ ಮೂರನೆಯದೊಂದಿದೆ. ಇಂದಿನ ಹುಡುಗರು ಫೋಟೋದಲ್ಲಷ್ಟೇ ನೋಡಿರುವ ರಾಜದೂತ್ 350. 1983ರಿಂದ 1989ರವರೆಗೆ ಬಂದ ಈ ಗಾಡಿ ಯಮಹಾದ ಆರ್‌ಡಿ 350ರ ದೇಶೀ ರೂಪ. ಎರಡು ಸಿಲಿಂಡರು, ಆರು ಗಿಯರು, 30 ಅಶ್ವಶಕ್ತಿ. ಆ ಕಾಲದ ರಸ್ತೆಯಲ್ಲಿ ಅದಕ್ಕೆ ಎದುರಿರಲಿಲ್ಲ. ಆದರೆ ಜಪಾನಿನ ಮೂಲ ಗಾಡಿಯ ಮುಂಚಕ್ರದಲ್ಲಿದ್ದ ಡಿಸ್ಕ್ ಬ್ರೇಕನ್ನು ಇಲ್ಲಿ ಕೊಡಲಿಲ್ಲ, ಡ್ರಮ್ಮನ್ನೇ ಕೂರಿಸಿದರು. ಓಡುವ ಶಕ್ತಿ ವಿದೇಶದ್ದು, ನಿಲ್ಲುವ ಶಕ್ತಿ ಮಾತ್ರ ಸಾಧಾರಣದ್ದು ಎಂದಾಯಿತು. ಆರ್‌ಡಿ ಎಂದರೆ 'ರ್‍ಯಾಪಿಡ್ ಡೆತ್' ಎಂದು ಸವಾರರೇ ಅಡ್ಡಹೆಸರು ಇಟ್ಟರು. ವೇಗದ ಗಾಡಿ ಕೊಳ್ಳುವ ಯಾವ ಹುಡುಗನಾದರೂ, ಅವನ ತಂದೆಯಾದರೂ, ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಬ್ರೇಕಿನ ಮಾತು ಮುಂದೆ ಮತ್ತೆ ಬರುತ್ತದೆ.

ಈ ಹಳೆಯ ಟೂ ಸ್ಟ್ರೋಕುಗಳನ್ನು ಇಂದು ಕೊಳ್ಳಬಾರದೆ? ಹವ್ಯಾಸಕ್ಕೆ ಕೊಳ್ಳಬಹುದು. ದಿನಾ 40 ಕಿಲೋಮೀಟರು ಹೋಗಿ ಬರುವ ವಿದ್ಯಾರ್ಥಿಗೆ ಅದು ಸಲ್ಲದು. ಮೊದಲನೆಯದಾಗಿ ನೆನಪಿಗೆ ಬೆಲೆ ಏರಿದೆ, ಚೆನ್ನಾಗಿ ಸಿದ್ಧಪಡಿಸಿದ ಆರೆಕ್ಸಿಗೆ ಕೇಳುವ ದುಡ್ಡಿನಲ್ಲಿ ಹೊಸ ಗಾಡಿಯೇ ಬಂದೀತು. ಎರಡನೆಯದಾಗಿ, ಮೂವತ್ತು ವರ್ಷದ ಎಂಜಿನಿನೊಳಗೆ ಏನಿದೆ ಎಂಬುದು ಬಿಚ್ಚಿದವರಿಗೇ ಗೊತ್ತು. ಸಿಲಿಂಡರು ಸವೆದಾಗ ಅದನ್ನು ಕೊರೆದು ಒಂದಂಶ ದೊಡ್ಡ ಪಿಸ್ಟನ್ ಹಾಕುತ್ತಾರೆ. ಪ್ರತಿಸಲ ಸಾಮಾನ್ಯವಾಗಿ 0.25 ಮಿಲಿಮೀಟರು ದೊಡ್ಡದು. ಕೆಲವು ಸಲ ಬೋರು ಆದಮೇಲೆ ಕೊರೆಯಲು ಗೋಡೆಯೇ ಉಳಿಯುವುದಿಲ್ಲ. "ಎಷ್ಟನೇ ಬೋರು?" ಎಂಬ ಪ್ರಶ್ನೆಗೆ ಮಾರುವವನು ತಡವರಿಸಿದರೆ ಅರ್ಥ ಮಾಡಿಕೊಳ್ಳಬೇಕು. ಆರೆಕ್ಸ್ 100ರ ಚಾಸಿಗೆ 135ರ ಎಂಜಿನು ಕೂರಿಸಿ ಮಾರುವವರೂ ಇದ್ದಾರೆ. ಆರ್.ಸಿ.ಯಲ್ಲಿರುವ ಎಂಜಿನ್ ನಂಬರಿಗೂ ಗಾಡಿಯ ಮೇಲಿನ ನಂಬರಿಗೂ ತಾಳೆಯಾಗದಿದ್ದರೆ, ಗಾಡಿ ಎಷ್ಟೇ ಚೆನ್ನಾಗಿ ಓಡಲಿ, ಕೈಮುಗಿದು ಬರುವುದೇ ಲೇಸು.

ಇದಕ್ಕೆ ಇತ್ತೀಚೆಗೆ ಇನ್ನೊಂದು ತೊಡಕು ಸೇರಿದೆ. ಪೆಟ್ರೋಲಿನಲ್ಲಿ ಎಥೆನಾಲ್ ಬೆರೆಸುವ ಪ್ರಮಾಣ ವರ್ಷದಿಂದ ವರ್ಷಕ್ಕೆ ಏರಿ 2025ರ ಹೊತ್ತಿಗೆ ಶೇ 20ಕ್ಕೆ ಬಂತು. ಎಥೆನಾಲ್ ನೀರಿನಂಶವನ್ನು ಹೀರಿಕೊಳ್ಳುತ್ತದೆ. ಅದಕ್ಕಾಗಿ ತಯಾರಾಗದ ಹಳೆಯ ರಬ್ಬರು ಕೊಳವೆ, ವಾಷರುಗಳು ಉಬ್ಬುತ್ತವೆ, ಬಿರಿಯುತ್ತವೆ. ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯ ಟ್ಯಾಂಕಿನೊಳಗೆ ತುಕ್ಕು ಹಿಡಿಯುತ್ತದೆ. ಎಥೆನಾಲಿನ ಒಂದು ಭಾಗ ಕಬ್ಬಿನಿಂದಲೇ ಬರುವುದರಿಂದ, ಮಂಡ್ಯದ ರೈತನ ಮಟ್ಟಿಗೆ ಹೊಲದ ಬೆಳೆಯೇ ಸುತ್ತಿಬಳಸಿ ಮಗನ ಕಾರ್ಬ್ಯುರೇಟರಿಗೆ ಬಂದು ಕೂತಂತೆ!

ಹಾಗಾದರೆ ಮಗ ಹೇಳುವ ಕಾಲದ ಗಾಡಿಗಳು. ಎರಡನೇ ಕೈ ಮಾರುಕಟ್ಟೆಯಲ್ಲಿ ವೇಗದ ಗಾಡಿ ಎಂದು ಹುಡುಗರು ಹುಡುಕುವುದು ಮುಖ್ಯವಾಗಿ ನಾಲ್ಕನ್ನು: ಕೆಟಿಎಂ ಡ್ಯೂಕ್ 200, ಯಮಹಾ ಆರ್15, ಬಜಾಜ್ ಪಲ್ಸರ್ ಎನ್‌ಎಸ್ 200, ಟಿವಿಎಸ್ ಅಪಾಚೆ ಆರ್‌ಟಿಆರ್. (ಎನ್‌ಫೀಲ್ಡ್ ಬುಲೆಟ್ಟನ್ನು ಇಲ್ಲಿ ಸೇರಿಸಿಲ್ಲ. ಅದರ ಅಭಿಮಾನಿಗಳು ಬೇಸರಪಡಬಾರದು, ಅದು ವೇಗಕ್ಕೆ ಕೊಳ್ಳುವ ಗಾಡಿಯಲ್ಲ.)

ಡ್ಯೂಕ್ 200 ಬಂದದ್ದು 2012ರಲ್ಲಿ. ಆಸ್ಟ್ರಿಯಾದ ಕಂಪನಿಯ ಹೆಸರು, ತಯಾರಿಕೆ ಪುಣೆ ಬಳಿಯ ಚಾಕಣದ ಬಜಾಜ್ ಕಾರ್ಖಾನೆಯಲ್ಲಿ. ಸುಮಾರು 25 ಅಶ್ವಶಕ್ತಿ, ಹಗುರ ಮೈ, ನೀರಿನಿಂದ ತಂಪಾಗುವ ಎಂಜಿನು. ಅದೇ ವರ್ಷ ಬಜಾಜ್ ತನ್ನ ಹೆಸರಿನಲ್ಲೇ ಪಲ್ಸರ್ 200 ಎನ್‌ಎಸ್ ತಂದಿತು. ಸಿಲಿಂಡರಿನ ಅಳತೆ ಎರಡಕ್ಕೂ ಒಂದೇ, 199.5 ಸಿ.ಸಿ. ಆದರೆ ಪಲ್ಸರಿಗೆ ಮೂರು ಸ್ಪಾರ್ಕ್ ಪ್ಲಗ್, ಇಲ್ಲಿ ಮಾರಾಟವಾದವುಗಳಲ್ಲಿ 2020ರ ಬಿಎಸ್6 ನಿಯಮ ಬರುವವರೆಗೂ ಕಾರ್ಬ್ಯುರೇಟರು. ಡ್ಯೂಕಿಗೆ ಮೊದಲಿಂದಲೂ ಫ್ಯೂಯಲ್ ಇಂಜೆಕ್ಷನ್. ಶಕ್ತಿಯಲ್ಲಿ ಪಲ್ಸರು ಡ್ಯೂಕಿಗಿಂತ ಒಂದೆರಡು ಅಶ್ವಶಕ್ತಿ ಕಡಿಮೆಯಷ್ಟೆ. ಅಂದರೆ ಹುಡುಗರು ಆಕಾಶ ಭೂಮಿ ಎನ್ನುವ ಎರಡು ಬ್ರಾಂಡುಗಳ ನಡುವಿನ ಅಂತರ, ಲೋಹದ ಲೆಕ್ಕದಲ್ಲಿ, ಅಣ್ಣತಮ್ಮಂದಿರ ಅಂತರ.

ಆದರೂ ಎರಡನೇ ಕೈಯಲ್ಲಿ ಕೊಳ್ಳುವಾಗ ಆ ಸಣ್ಣ ಅಂತರವೇ ದೊಡ್ಡದಾಗುತ್ತದೆ. ಕಾರ್ಬ್ಯುರೇಟರ್ ಕೆಟ್ಟರೆ ಮದ್ದೂರಿನ ಯಾವುದೇ ಮೆಕ್ಯಾನಿಕ್ ಬಿಚ್ಚಿ, ಊದಿ, ಕೂರಿಸಿ ಕಳಿಸಬಲ್ಲ. ಇಂಜೆಕ್ಷನ್ನಿನ ಸೆನ್ಸರು ಕೈಕೊಟ್ಟರೆ ಅದಕ್ಕೆ ಕಂಪ್ಯೂಟರ್ ಜೋಡಿಸಿ ನೋಡುವ ವರ್ಕ್‌ಷಾಪು ಬೇಕು. ಮಂಡ್ಯ, ಮೈಸೂರು ಎಂದು ಗಾಡಿಯನ್ನು ಟೆಂಪೋದಲ್ಲಿ ಹೇರಬೇಕಾದೀತು. ಬ್ರಾಂಡುಗಳನ್ನು ತೂಗುವ ಮೊದಲ ತಕ್ಕಡಿ ಇದು. ಗಾಡಿ ಕೆಟ್ಟ ದಿನ ಅದನ್ನು ಎಷ್ಟು ದೂರ ತಳ್ಳಬೇಕು? ಈ ಪ್ರಶ್ನೆಗೆ ಉತ್ತರ ಜಾಹೀರಾತಿನಲ್ಲಿ ಸಿಗುವುದಿಲ್ಲ. ಊರಿನಲ್ಲಿ ಅದೇ ಗಾಡಿ ಇಟ್ಟುಕೊಂಡಿರುವ ಇಬ್ಬರನ್ನು ವಿಚಾರಿಸಿದರೆ ಸಿಗುತ್ತದೆ.

ಯಮಹಾ ಆರ್15ರ ಕಥೆ ಬೇರೆ. 2008ರಲ್ಲಿ ಬಂದಾಗ ಅದು 149 ಸಿ.ಸಿ., 17 ಅಶ್ವಶಕ್ತಿ. ಎಂಜಿನು ಗಟ್ಟಿ ಎಂಬ ಹೆಸರನ್ನು ಉಳಿಸಿಕೊಂಡಿದೆ. ತೊಂದರೆ ಇರುವುದು ಮೈಮುಚ್ಚುವ ಪ್ಲಾಸ್ಟಿಕ್ ಹೊದಿಕೆಯಲ್ಲಿ. ಹೊದಿಕೆಯ ಹಿಂದೆ ಬಾಗಿದ ಬ್ರಾಕೆಟ್ಟು, ಸೋರುವ ರೇಡಿಯೇಟರು ಯಾವುದು ಬೇಕಾದರೂ ಅಡಗಿ ಕೂರಬಹುದು. ಒಮ್ಮೆ ಬಿದ್ದರೆ ಹೊದಿಕೆಯ ಖರ್ಚೇ ಪ್ರತ್ಯೇಕ. ಮುಂದಕ್ಕೆ ಬಾಗಿ ಕೂರುವ ಭಂಗಿ ರೇಸಿನ ಮೈದಾನಕ್ಕೆ ಸರಿ, ದಿನಾ ಮಂಡ್ಯಕ್ಕೆ ಹೋಗಿ ಬಂದರೆ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಮಣಿಕಟ್ಟು, ಸೊಂಟ ಮಾತಾಡತೊಡಗುತ್ತವೆ. ಹಿಂದಿನ ಸೀಟೋ, ಅಟ್ಟದ ಹಾಗೆ. ತಾಯಿಯನ್ನು ಕೂರಿಸಿಕೊಂಡು ಮದ್ದೂರಮ್ಮನ ಗುಡಿಗೆ ಹೋಗುವ ಆಸೆ ಇದ್ದರೆ ಬಿಟ್ಟುಬಿಡಬೇಕು.

ಅಪಾಚೆ ಇವುಗಳಲ್ಲಿ ಕಡಿಮೆ ಸದ್ದಿನ ಹೆಸರು. ಆರ್‌ಟಿಆರ್ 160 ಬಂದದ್ದು 2007ರಲ್ಲಿ. ಗಾಳಿಯಿಂದಲೇ ತಂಪಾಗುವ ಎಂಜಿನು, ಆದ್ದರಿಂದ ರೇಡಿಯೇಟರಿನ ಚಿಂತೆ ಇಲ್ಲ. ಟಿವಿಎಸ್‌ಗೆ ಹೊಸೂರಿನಲ್ಲೂ ಮೈಸೂರಿನಲ್ಲೂ ಕಾರ್ಖಾನೆಗಳಿವೆ, ಸಣ್ಣ ಪಟ್ಟಣಗಳಲ್ಲೂ ಸಾಮಾನು ಸಿಗುತ್ತದೆ. ಹಳೆಯ ಅಪಾಚೆಗಳಲ್ಲಿ ವೇಗ ಏರಿದಂತೆ ಪಾದದಡಿ ನಡುಕ ಬರುತ್ತದೆ ಎಂಬ ದೂರು ನಿಜ. ಆದರೆ ಒಂದು ವಿಷಯದಲ್ಲಿ ಅದು ಉಳಿದವರಿಗಿಂತ ಮುಂದೆ ನಡೆದಿತ್ತು. 2011ರಲ್ಲೇ ಅಪಾಚೆ ಆರ್‌ಟಿಆರ್ 180ಕ್ಕೆ ಎಬಿಎಸ್ ಬ್ರೇಕ್ ಬಂದಿತ್ತು.

ಬ್ರೇಕಿನ ಮಾತು ಇಲ್ಲಿ ಮತ್ತೆ ಬಂತು. ಗಾಬರಿಯಲ್ಲಿ ಬ್ರೇಕನ್ನು ಪೂರ್ತಿ ಒತ್ತಿದಾಗ ಚಕ್ರ ಕಚ್ಚಿ ನಿಂತುಬಿಟ್ಟರೆ ಗಾಡಿ ಜಾರುತ್ತದೆ, ಹ್ಯಾಂಡಲು ಮಾತು ಕೇಳುವುದಿಲ್ಲ. ಎಬಿಎಸ್ ಇದ್ದರೆ ಬ್ರೇಕು ಸೆಕೆಂಡಿನಲ್ಲಿ ಹಲವು ಬಾರಿ ತಾನೇ ಹಿಡಿದು ಬಿಟ್ಟು ಚಕ್ರ ಉರುಳುವಂತೆ ನೋಡಿಕೊಳ್ಳುತ್ತದೆ. 125 ಸಿ.ಸಿ.ಗಿಂತ ದೊಡ್ಡ ದ್ವಿಚಕ್ರ ವಾಹನಗಳಿಗೆ ಇದು ಕಡ್ಡಾಯವಾದದ್ದು ಹೊಸ ಮಾದರಿಗಳಿಗೆ ಏಪ್ರಿಲ್ 2018ರಿಂದ, ಆಗಲೇ ಮಾರಾಟದಲ್ಲಿದ್ದ ಮಾದರಿಗಳಿಗೆ ಏಪ್ರಿಲ್ 2019ರಿಂದ. ಅದಕ್ಕಿಂತ ಹಿಂದಿನ ಡ್ಯೂಕ್ 200ಗಳಲ್ಲಿ ಎಬಿಎಸ್ ಇಲ್ಲ. 60 ಸಾವಿರಕ್ಕೆ 2014ರ 25 ಅಶ್ವಶಕ್ತಿಯ ಡ್ಯೂಕು, ಅಥವಾ ಅಷ್ಟೇ ದುಡ್ಡಿಗೆ 2019ರ ಎಬಿಎಸ್ ಇರುವ 160 ಸಿ.ಸಿ. ಗಾಡಿ, ಇವೆರಡರಲ್ಲಿ ಯಾವುದು ಎಂಬ ಆಯ್ಕೆ ಬಂದರೆ ಹುಡುಗನ ಉತ್ತರ ಯಾವುದೆಂದು ಎಲ್ಲರಿಗೂ ಗೊತ್ತು. ತಂದೆಯ ಉತ್ತರ ಎರಡನೆಯದಾಗಿರಬೇಕು. ರಾಜದೂತ್ 350ರ ಕಾಲದಲ್ಲಿ ಆಯ್ಕೆಯೇ ಇರಲಿಲ್ಲ, ಈಗ ಇದೆ.

ಇನ್ನು ಹೆಸರಿಗಿಂತ ಹೆಚ್ಚಿನ ವಿಷಯಕ್ಕೆ ಬರೋಣ. ವೇಗದ ಗಾಡಿಗೆ ಒಂದು ಪೂರ್ವಜನ್ಮ ಇರುತ್ತದೆ. ಸ್ಪ್ಲೆಂಡರನ್ನು ಯಾರು ಓಡಿಸಿದ್ದಾರು? ಮೇಷ್ಟ್ರೋ, ಹಾಲಿನ ಡೇರಿಯ ಕಾರ್ಯದರ್ಶಿಯೋ. ಡ್ಯೂಕನ್ನು ಓಡಿಸಿರುವವನು ಬಹುತೇಕ ಇಪ್ಪತ್ತರ ಹುಡುಗ. ಅವನ ಕೈಯಲ್ಲಿ ಅದು ಓಡಿದ್ದಕ್ಕಿಂತ ಹಾರಿದ್ದು ಹೆಚ್ಚು. ಗಾಡಿ ಎಷ್ಟು ವೇಗದ್ದೋ ಅದರ ಹಿಂದಿನ ಬಾಳು ಅಷ್ಟು ಕಷ್ಟದ್ದು. ಆದ್ದರಿಂದ ಇಂಥ ಗಾಡಿಗಳಲ್ಲಿ "ಒಂದೇ ಕೈ" ಎನ್ನುವುದಕ್ಕಿಂತ ಆ ಕೈ ಯಾರದು ಎನ್ನುವುದೇ ಮುಖ್ಯ.

ಅದನ್ನು ತಿಳಿಯುವುದು ಹೇಗೆ? ಮೀಟರು ಹೇಳುವ ಕಿಲೋಮೀಟರನ್ನು ನೆಚ್ಚಿ ಕೂರುವಂತಿಲ್ಲ, ಡಿಜಿಟಲ್ ಮೀಟರನ್ನೂ ತಿದ್ದುವವರಿದ್ದಾರೆ. ಮೀಟರಿಗೆ ಸುಳ್ಳು ಕಲಿಸಬಹುದು, ಕಾಲಿಡುವ ರಬ್ಬರಿಗೆ ಕಲಿಸಲಾಗದು. 12 ಸಾವಿರ ಓಡಿದೆ ಎನ್ನುವ ಗಾಡಿಯ ಫುಟ್‌ರೆಸ್ಟ್ ರಬ್ಬರು ಬೋಳಾಗಿದ್ದರೆ, ಗಿಯರ್ ಸನ್ನೆಯ ತುದಿ ನುಣುಪಾಗಿದ್ದರೆ, ಬ್ರೇಕ್ ಡಿಸ್ಕಿನ ಅಂಚಿಗೆ ಬೆರಳಾಡಿಸಿದಾಗ ಏಣು ಸಿಕ್ಕರೆ, ಸುಳ್ಳು ಎಲ್ಲಿದೆ ಎಂದು ಗೊತ್ತಾಗುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದ ಟೈರು. ಹೊಸದರಂತೆ ಹೊಳೆಯುವ ಹಳೆಯ ಟೈರನ್ನು ಈ ಅಂಕಿ ಬಯಲುಮಾಡುತ್ತದೆ. ಕಂಪನಿಯ ಸರ್ವಿಸ್ ಮಾಡಿಸಿದ ಗಾಡಿಯಾದರೆ ಅದರ ಲೆಕ್ಕ ಕಂಪನಿಯ ಕಂಪ್ಯೂಟರಿನಲ್ಲೂ ಇರುತ್ತದೆ. ಮಾಲೀಕನನ್ನೇ ಜೊತೆಗೆ ಕರೆದುಕೊಂಡು ಸರ್ವಿಸ್ ಸೆಂಟರಿಗೆ ಹೋಗಿ ಕೇಳುವುದರಲ್ಲಿ ತಪ್ಪೇನಿಲ್ಲ. ಬರಲು ಅವನು ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ಮುಂಚಕ್ರ ಎತ್ತಿ ಓಡಿಸುವ 'ವೀಲಿಂಗ್' ಶೋಕಿಯ ಗಾಡಿಯನ್ನು ಪತ್ತೆಹಚ್ಚಲು ಬೇರೆ ಗುರುತುಗಳಿವೆ. ಎತ್ತಿದ ಚಕ್ರ ನೆಲಕ್ಕೆ ಬಡಿದು ಬಡಿದು ಮುಂದಿನ ಫೋರ್ಕಿನ ಸೀಲು ಒಡೆದು ಎಣ್ಣೆ ಜಿನುಗುತ್ತದೆ. ಮುಂದಿನ ಬ್ರೇಕ್ ಹಿಡಿದು ಗಾಡಿಯನ್ನು ಹಿಂದೆ ಮುಂದೆ ಅಲುಗಿಸಿದರೆ ಹ್ಯಾಂಡಲಿನ ಬುಡದಲ್ಲಿ 'ಟಕ್' ಎನ್ನುತ್ತದೆ. ಹಿಂದಿನ ನಂಬರ್ ಪ್ಲೇಟಿನ ಕೆಳಗಂಚು ರಸ್ತೆಗೆ ಉಜ್ಜಿರುತ್ತದೆ. ಕ್ಲಚ್ಚು ಪೂರ್ತಿ ಬಿಟ್ಟಮೇಲೂ ಎಂಜಿನು ಕೂಗುತ್ತದೆಯೇ ಹೊರತು ಗಾಡಿ ಮುಂದೆ ಸಾಗದು. ಡ್ಯೂಕಿನ ಚೌಕಟ್ಟು ಹೊರಗೇ ಕಾಣುವ ಕೊಳವೆಗಳದ್ದು. ಬೆಸುಗೆಯ ಜಾಗದಲ್ಲಿ ಬಣ್ಣ ಬಿರಿದಿದ್ದರೆ ಅಥವಾ ಒಂದೇ ಕಡೆ ಹೊಸ ಬಣ್ಣ ಹೊಡೆದಿದ್ದರೆ ಮುಂದಿನ ಮಾತೇ ಬೇಡ.

ಎಂಜಿನು ನೋಡಲು ಬೆಳಿಗ್ಗೆಯೇ ಹೋಗಬೇಕು, ಹೇಳದೆ ಹೋದರೆ ಇನ್ನೂ ಒಳ್ಳೆಯದು. ಸ್ಟಾರ್ಟ್ ಮಾಡುವ ಮೊದಲು ಎಂಜಿನನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಮಾರುವವನು ಆಗಲೇ ಓಡಿಸಿ ತಯಾರು ಮಾಡಿಟ್ಟಿದ್ದಾನೆ ಎಂದರ್ಥ. ತಣ್ಣಗಿರುವ ಎಂಜಿನು ನಿಜ ಹೇಳುತ್ತದೆ. ಫೋರ್ ಸ್ಟ್ರೋಕ್ ಗಾಡಿಯಲ್ಲಿ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ಕಪ್ಪು ಹೊಗೆ ಬಂದರೆ ಪೆಟ್ರೋಲು ಹೆಚ್ಚಾಗುತ್ತಿದೆ. ನೀರಿನಿಂದ ತಂಪಾಗುವ ಎಂಜಿನು ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟು ಸಿಲಿಂಡರಿನೊಳಗೆ ಇಳಿಯುತ್ತಿದೆ. ಅದು ದೊಡ್ಡ ರಿಪೇರಿ. ಹತ್ತು ನಿಮಿಷ ನಿಂತಲ್ಲೇ ಓಡಲು ಬಿಡಬೇಕು, ರೇಡಿಯೇಟರಿನ ಫ್ಯಾನು ತಾನಾಗಿ ತಿರುಗುತ್ತದೆಯೇ ನೋಡಬೇಕು. ಚಾಸಿ ನೆಟ್ಟಗಿದೆಯೇ ಎಂದು ತಿಳಿಯಲು ಯಂತ್ರವೇ ಬೇಕೆಂದಿಲ್ಲ. ರಸ್ತೆಯಲ್ಲಿ ಒಂದು ಕೊಡ ನೀರು ಸುರಿದು ಅದರ ಮೇಲೆ ನೇರವಾಗಿ ಓಡಿಸಿ ಹಿಂದಿನಿಂದ ಗಮನಿಸಿದರೆ ಸಾಕು. ಎರಡು ಟೈರುಗಳ ಒದ್ದೆ ಗೆರೆ ಒಂದರ ಮೇಲೊಂದು ಬಿದ್ದರೆ ಸರಿ, ಪಕ್ಕ ಪಕ್ಕ ಬಿದ್ದರೆ ಗಾಡಿ ಎಲ್ಲೋ ಬಿದ್ದು ಎದ್ದಿದೆ.

ಸದ್ದು ಮಾಡುವ ಬೇರೆ ಸೈಲೆನ್ಸರು ಹಾಕಿದ್ದರೆ ಕಂಪನಿಯ ಮೂಲ ಸೈಲೆನ್ಸರನ್ನು ಕೇಳಿ ಪಡೆಯಬೇಕು. ಇಲ್ಲದಿದ್ದರೆ ಅದರ ಬೆಲೆಯನ್ನು ಮುರಿದುಕೊಳ್ಳಬೇಕು. ಪೊಲೀಸರ ದಂಡ ಹೊಸ ಮಾಲೀಕನ ಪಾಲಿಗೆ ತಾನೆ?

ಕಾಗದಪತ್ರದ ಮಾತು ಬಂದಾಗ ಹಳ್ಳಿಯಲ್ಲಿ ಈಗಲೂ ನಡೆಯುವುದು ನಂಬಿಕೆಯ ವ್ಯವಹಾರ. ದುಡ್ಡು ಕೊಟ್ಟು ಕೀ ಪಡೆದು ಬರುತ್ತಾರೆ, ಹೆಸರು ಬದಲಾವಣೆ "ಆಮೇಲೆ ನೋಡಿದರಾಯಿತು". ಹಳೆಯ ಮಾಲೀಕನಿಗೆ ಇದರಿಂದ ಆಗುವ ಅಪಾಯ ಸಣ್ಣದಲ್ಲ. ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಗಾಡಿ ಮಾರಿದ್ದರೂ ಅಪಘಾತದ ಪರಿಹಾರಕ್ಕೆ ಅವನೇ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಕೊಂಡವನಿಗೂ ಕಷ್ಟವೇ. ವಿಮೆ ಅವನ ಹೆಸರಿಗೆ ಬಾರದಿದ್ದರೆ ತನ್ನ ಗಾಡಿ ಜಖಂ ಆದಾಗ ಕಂಪನಿಯಿಂದ ಕಾಸು ಬರುವುದಿಲ್ಲ. ಫಾರಂ 29 ಮತ್ತು 30ಕ್ಕೆ ದುಡ್ಡು ಕೊಡುವ ದಿನವೇ ಸಹಿ ಆಗಬೇಕು. ಕಾನೂನು ಮಾರಿದವನಿಗೆ 14 ದಿನ, ಕೊಂಡವನಿಗೆ 30 ದಿನ ಕೊಟ್ಟಿದೆ. ಸಾಲದಲ್ಲಿ ಕೊಂಡ ಗಾಡಿಯಾಗಿದ್ದರೆ ಸಾಲ ತೀರಿದ್ದಕ್ಕೆ ಫಾರಂ 35. ಬೇರೆ ರಾಜ್ಯದ ನಂಬರಾದರೆ ಫಾರಂ 28ರ ನಿರಾಕ್ಷೇಪಣಾ ಪತ್ರ, ಮೇಲೆ ಕರ್ನಾಟಕದ ತೆರಿಗೆ. ಅಗ್ಗಕ್ಕೆ ಸಿಕ್ಕ ಹೊಸೂರಿನ ಗಾಡಿ ಕೆಎ 11 ನಂಬರು ಪಡೆಯುವಷ್ಟರಲ್ಲಿ ಅಗ್ಗವಾಗಿ ಉಳಿದಿರುವುದಿಲ್ಲ. ಬೆಂಗಳೂರಿನ ಗಾಡಿಯಾದರೆ ಸಂಚಾರ ದಂಡದ ಬಾಕಿಯನ್ನೂ ನೋಡಬೇಕು. ವೇಗದ ಗಾಡಿಗಳ ಮೇಲೆ ಅದು ಸಾವಿರಗಟ್ಟಲೆ ಇದ್ದರೆ ಆಶ್ಚರ್ಯವಿಲ್ಲ. ನೋಂದಣಿಯ ಅವಧಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2012ರ ಗಾಡಿ ಕೊಳ್ಳುವವರು ಈ ಲೆಕ್ಕವನ್ನು ಈಗಲೇ ಹಾಕಿಕೊಳ್ಳಬೇಕು.

ವಿಮೆಯಲ್ಲಿ ಒಂದು ಸ್ವಾರಸ್ಯವಿದೆ. 2022ರಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ದರದಂತೆ 150 ಸಿ.ಸಿ.ವರೆಗಿನ ಗಾಡಿಗೆ ವರ್ಷಕ್ಕೆ 714 ರೂಪಾಯಿ, ಅದನ್ನು ದಾಟಿ 350ರವರೆಗೆ 1,366 ರೂಪಾಯಿ, ತೆರಿಗೆ ಬೇರೆ. ಹಳೆಯ ಆರ್15 149 ಸಿ.ಸಿ., 2018ರ ನಂತರದ್ದು 155. ಆರೇ ಸಿ.ಸಿ.ಗೆ ದರ ಹತ್ತಿರ ಹತ್ತಿರ ಇಮ್ಮಡಿ.

ಇಷ್ಟೆಲ್ಲ ನೋಡಿ ಕೊಂಡ ವೇಗದ ಗಾಡಿಯನ್ನು ಓಡಿಸುವುದಾದರೂ ಎಲ್ಲಿ? 1938ರ ಏಪ್ರಿಲ್‌ನಲ್ಲಿ ನಿಷೇಧವನ್ನು ಮೀರಿ ಧ್ವಜ ಹಾರಿಸಲು ಸಾವಿರಾರು ಜನ ಬಂದು ಸೇರಿದ ಶಿವಪುರ, ಬೆಂಗಳೂರು-ಮೈಸೂರು ರಸ್ತೆಗೆ ಅಂಟಿಕೊಂಡ ಊರು. ಸತ್ಯಾಗ್ರಹ ಸೌಧದ ಆಸುಪಾಸಿನಲ್ಲಿ ನಿಂತರೆ ಗಾಡಿಗಳ ಸದ್ದು ಕೇಳುತ್ತದೆ. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದಾಗ ಹುಡುಗರ ಕಣ್ಣು ಅರಳಿತ್ತು. ಆದರೆ ಅಪಘಾತಗಳು ಹೆಚ್ಚಿದ ಮೇಲೆ ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರಾಕ್ಟರುಗಳ ಪ್ರವೇಶ ನಿಷೇಧವಾಯಿತು. ಬೈಕಿನವರಿಗೆ ಉಳಿದದ್ದು ಸರ್ವಿಸ್ ರಸ್ತೆ, ಊರೊಳಗಿನ ಹಳೆಯ ರಸ್ತೆ. ಅಲ್ಲಿ ಬಸ್ಸು ನಿಲ್ಲುತ್ತದೆ, ಎಮ್ಮೆ ಅಡ್ಡ ಬರುತ್ತದೆ. ಅರೆಯುವ ಕಾಲದಲ್ಲಿ ಹಿಂದೆ ಕೆಂಪು ದೀಪವಿಲ್ಲದ ಕಬ್ಬಿನ ಟ್ರಾಕ್ಟರು ಕತ್ತಲಲ್ಲಿ ಗೋಡೆಯ ಹಾಗೆ ಎದುರಾಗುತ್ತದೆ. ಆ ಗೋಡೆ ಕಂಡ ಕ್ಷಣದಲ್ಲಿ 25 ಅಶ್ವಶಕ್ತಿ ಯಾವ ಉಪಕಾರಕ್ಕೂ ಬಾರದು, ಬ್ರೇಕು ಬರುತ್ತದೆ, ಟೈರು ಬರುತ್ತದೆ, ನೆಟ್ಟಗೆ ಉರಿಯುವ ಹೆಡ್‌ಲೈಟು ಬರುತ್ತದೆ. 60 ಸಾವಿರದಲ್ಲಿ ಹತ್ತು ಸಾವಿರವನ್ನು ಮೊದಲೇ ಪಕ್ಕಕ್ಕೆ ತೆಗೆದಿಟ್ಟು 50 ಸಾವಿರದ ಗಾಡಿ ಹುಡುಕುವುದು ಜಾಣತನ. ಆ ಹತ್ತರಲ್ಲಿ ಹೊಸ ಟೈರು, ಬ್ರೇಕ್ ಪ್ಯಾಡು, ಚೈನು, ಐಎಸ್‌ಐ ಗುರುತಿನ ಎರಡು ಹೆಲ್ಮೆಟ್ಟು. ಎರಡನೆಯದು ಹಿಂದೆ ಕೂರುವವರಿಗೆ.

ವಯಸ್ಸಿನ ಮಾತು ತಂದೆತಾಯಿಗಳಿಗೆ. ಗಿಯರ್ ಇರುವ ಗಾಡಿಗೆ 18 ತುಂಬಬೇಕು. ಪಿಯುಸಿಯ ಹುಡುಗನಿಗೆ "ಊರೊಳಗೆ ತಾನೆ" ಎಂದು ಕೀ ಕೊಟ್ಟರೆ, 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25 ಸಾವಿರ ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ 25 ವರ್ಷವಾಗುವವರೆಗೆ ಲೈಸೆನ್ಸಿಲ್ಲ.

ಶಿವಪುರದ ಮನೆಯಲ್ಲಿ ಮಾತು ಮುಗಿದಿರಲಿಲ್ಲ. ಡ್ಯೂಕಿನ ಚಿತ್ರವನ್ನು ಮೊಬೈಲಿನಲ್ಲಿ ಹಿಗ್ಗಿಸಿ ನೋಡಿದ ಸೋದರಮಾವ, "ನಂಬರ್ ಪ್ಲೇಟು ಯಾಕೋ ಹಿಂಗೆ ಸವ್ದದೆ?" ಎಂದ. ಮಗ ಸುಮ್ಮನಾದ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಚಿತ್ರ ತೋರಿಸಿದ. ಅದು 2019ರ ಅಪಾಚೆ, ಕೆಎ 11 ನಂಬರು, ಮಳವಳ್ಳಿ ಕಡೆಯ ಮೇಷ್ಟ್ರೊಬ್ಬರದು.

"ಎಬಿಎಸ್ ಐತಾ?"

"ಐತೆ ಅಪ್ಪ. ಆದ್ರೆ ನೂರ ಅರವತ್ತೇ ಸಿ.ಸಿ."

"ನೂರ ಅರವತ್ತು ಸಾಲ್ದೇನ್ಲಾ ಮಂಡ್ಯಕ್ಕೆ? ನಾಳಿಕ್ಕೆ ಕೋಳಿ ಕೂಗೋ ಹೊತ್ಗೆ ಹೊಂಡಾನ. ಇಂಜಿನ್ನು ತಣ್ಣಗಿರ್‍ಬೇಕಾದ್ರೆ ನೋಡ್ಬೇಕು. ಮೆಕ್ಯಾನಿಕ್ಕಿಗೆ ಇವತ್ತೇ ಯೋಳ್ಬುಡು."